ನಳ ಬಂದ ದಿನದ ಸೊನ್ನೆಗಳು

ಧಾರವಾಡ
೯ ಜೂನ್ ೨೦೨೫, ಸೋಮವಾರ

ಭಾಗ್ಯಶ್ರೀ ಅವರಿಗೆ,

‘ಅವರಿಗೆ’ ಎಂದು ಬರೆದು ಐದು ನಿಮಿಷ ಅದನ್ನೇ ನೋಡುತ್ತ ಕೂತೆ. ಕಾಲೇಜಿನ ಮೂರು ವರ್ಷ ಒಂದೇ ಡಬ್ಬಿಯಲ್ಲಿ ಉಂಡವಳಿಗೆ ಹೀಗೆ ಬರೆಯುವ ಕಾಲ ಬಂತಲ್ಲ ಎಂದು ನಗುವೂ ಬಂತು, ಸಂಕಟವೂ ಆಯಿತು. ನಾವು ಮಾತು ಬಿಟ್ಟು ನಾಲ್ಕು ವರ್ಷ. ಫೋನ್ ಮಾಡೋಣವೆಂದು ಎರಡು ಸಲ ನಂಬರು ಒತ್ತಿ, ರಿಂಗಾಗುವ ಮೊದಲೇ ಕಟ್ ಮಾಡಿದೆ. ಪ್ರತಿ ಶುಕ್ರವಾರ ಹುಬ್ಬಳ್ಳಿಯಿಂದ ನಿಮ್ಮ ರಜಿಸ್ಟರುಗಳ ಚೀಲ ನಮ್ಮ ಸಂಸ್ಥೆಗೆ ಬರುತ್ತದೆ, ಸೋಮವಾರ ಖಾಲಿ ಚೀಲ ವಾಪಸ್ಸು ಹೋಗುತ್ತದೆ. ಅದರಲ್ಲಿ ಈ ಕಾಗದ ಇಡುತ್ತಿದ್ದೇನೆ.

ವಿಷಯ ಕೆಲಸದ್ದು. ಡೆಂಗೀ ತಡೆಯುವ ಈ ವರ್ಷದ ಮಾರ್ಗಸೂಚಿಗೆ ಲೆಕ್ಕ ಮಾಡಿಕೊಟ್ಟವಳು ನಾನು. ಎಷ್ಟು ಜನ ಇದ್ದಾರೆ, ಮಳೆ ಎಷ್ಟು, ನಳದ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಎಷ್ಟು ಮನೆಗಳ ನೀರಿನಲ್ಲಿ ಸೊಳ್ಳೆಮರಿ ಸಿಕ್ಕಿವೆ, ಇವನ್ನೆಲ್ಲ ಹಾಕಿದರೆ ಮುಂದಿನ ಎರಡು ತಿಂಗಳಲ್ಲಿ ಯಾವ ವಾರ್ಡಿನಲ್ಲಿ ಎಷ್ಟು ಮಂದಿ ಜ್ವರಕ್ಕೆ ಬೀಳಬಹುದು ಎಂದು ಹೇಳುವ ಗಣಿತದ ಮಾದರಿ ಅದು. ಅದನ್ನು ಹಿಡಿದು ಸಮಿತಿಯವರು ಊರಿನ ನಕ್ಷೆಗೆ ಬಣ್ಣ ಹಚ್ಚಿದರು. ಕೆಂಪು ವಾರ್ಡಿಗೆ ವಾರಕ್ಕೊಮ್ಮೆ ಮನೆ ಭೇಟಿ, ಔಷಧಿ, ಜ್ವರದ ತಪಾಸಣೆ. ಹಸಿರು ವಾರ್ಡಿಗೆ ಈ ಹಂಗಾಮಿನಲ್ಲಿ ಏನೂ ಇಲ್ಲ. ನಿನ್ನ ಮೇಲ್ವಿಚಾರಣೆಯ ಗಬ್ಬೂರ ಹಸಿರು.

ನನ್ನ ಲೆಕ್ಕದ ಪ್ರಕಾರ ಜೂನ್ ಮೊದಲ ವಾರದಲ್ಲಿ ಗಬ್ಬೂರಿನಲ್ಲಿ ಹೆಚ್ಚೆಂದರೆ ಇಬ್ಬರಿಗೆ ಜ್ವರ ಬರಬೇಕಿತ್ತು. ಅಲ್ಲಿಯ ಒಂದೇ ಸಣ್ಣ ದವಾಖಾನೆಯಿಂದ ಒಂಬತ್ತು ವರದಿ ಬಂದಿವೆ. ರಜಿಸ್ಟರು ತೆಗೆದು ನೋಡಿದರೆ ಸಮೀಕ್ಷೆಗೆ ಆರಿಸಿದ ನಾನೂರ ಹನ್ನೆರಡು ಮನೆ, ನಾಲ್ಕು ಸಲದ ಭೇಟಿ, ಒಂದು ಮನೆಯಲ್ಲೂ ಸೊಳ್ಳೆಮರಿ ಇಲ್ಲ. ಪುಟದ ಮೇಲಿಂದ ಕೆಳಗಿನವರೆಗೆ ಸೊನ್ನೆ. ಇಷ್ಟು ಶುದ್ಧವಾದ ಸೊನ್ನೆ ನನಗೆ ಹೆದರಿಕೆ ಹುಟ್ಟಿಸುತ್ತದೆ. ಇದು ಹೇಗೆ ಎಂದು ತಿಳಿಸುತ್ತೀಯಾ?

ಚಿನ್ಮಯೀ


ಬೆಂಗೇರಿ, ಹುಬ್ಬಳ್ಳಿ
೧೨ ಜೂನ್ ೨೦೨೫

ಚಿನ್ಮಯೀ ಮೇಡಂ ಅವರಿಗೆ,

ನಾಲ್ಕು ವರ್ಷದ ಮೇಲೆ ಒಂದು ಕಾಗದ, ಅದೂ ನಮ್ಮ ಹೆಂಗಸರು ಸುಳ್ಳು ಬರೆದರೇ ಎಂದು ಕೇಳಲಿಕ್ಕೆ. ನೀವು ನೇರವಾಗಿ ಹಾಗೆ ಕೇಳಿಲ್ಲ, ಮೃದುವಾಗಿ ಕೇಳಿದ್ದೀರಿ. ಅರ್ಥ ಅದೇ.

ನನ್ನ ಕೈಕೆಳಗೆ ಹನ್ನೊಂದು ಜನ ಆಶಾ ಹೆಂಗಸರಿದ್ದಾರೆ. ಬಿಸಿಲೆನ್ನದೆ ಮಳೆಯೆನ್ನದೆ ಓಣಿ ಓಣಿ ತಿರುಗುತ್ತಾರೆ. ಒಬ್ಬಳೂ ಮನೆಯಲ್ಲಿ ಕೂತು ರಜಿಸ್ಟರು ತುಂಬಿಸಿದವಳಲ್ಲ. ನಿಮ್ಮ ಕಾಗದ ಓದಿ ಗಬ್ಬೂರಿನ ಬೀರವ್ವನನ್ನು ಕರೆಸಿ ಕೇಳಿದೆ. ಅವಳಿಗೆ ಸಿಟ್ಟೇ ಬಂತು. “ಒಂದೊಂದು ಡ್ರಮ್ಮಿನ ಮುಚ್ಚಳಾ ತಗದು, ಬ್ಯಾಟ್ರಿ ಬಿಟ್ಟು ನೋಡೇನ್ರಿ ಅಕ್ಕಾರ. ನೀರು ತಳಾ ಕಾಣೂವಂಗ ಇತ್ತು. ಹುಳಾ ಇಲ್ದಿದ್ರ ನಾ ಎಲ್ಲಿಂದ ತಂದು ಬರೀಲಿ?” ಎಂದಳು. ಅವಳ ಮಾತಿನಲ್ಲಿ ನನಗೆ ಸಂಶಯವಿಲ್ಲ.

ನಿಮ್ಮ ನಕ್ಷೆಯನ್ನು ನಾನು ಎಷ್ಟು ನಂಬಿದ್ದೇನೆ ಎಂದರೆ, ನನ್ನ ಮಗಳು ಸೃಷ್ಟಿ ಈಗ ಏಳು ತಿಂಗಳ ಬಸುರಿ, ಗಬ್ಬೂರಿನಲ್ಲಿ ಗಂಡ ಹನುಮೇಶನ ಮನೆಯಲ್ಲಿದ್ದಾಳೆ. ಕುಬಸ ಮಾಡಿ ಉಡಿ ತುಂಬಿ ಹೆರಿಗೆಗೆ ಬೆಂಗೇರಿಗೆ ಕರೆದುಕೊಂಡು ಬರಬೇಕಿತ್ತು. ಬೆಂಗೇರಿ ಕೆಂಪು, ಗಬ್ಬೂರ ಹಸಿರು ಎಂದು ಕಾಗದ ಬಂದ ದಿನ, “ಇರವಾ, ಶ್ರಾವಣದ ತನಕಾ ಅಲ್ಲೇ ಇರು” ಎಂದು ನಾನೇ ಹೇಳಿದೆ. ನಿಮ್ಮ ಲೆಕ್ಕವನ್ನು ನಂಬಿದ್ದು ಇದು ಎರಡನೇ ಸಲ.

ಭಾಗ್ಯಶ್ರೀ
ಆರೋಗ್ಯ ಮೇಲ್ವಿಚಾರಕಿ


ಧಾರವಾಡ
೧೪ ಜೂನ್ ೨೦೨೫

ಭಾಗ್ಯಾ,

ಸೃಷ್ಟಿ ಗಬ್ಬೂರಿನಲ್ಲಿದ್ದಾಳೆ ಎಂಬುದು ನನಗೆ ಗೊತ್ತಿರಲಿಲ್ಲ. ಆ ಸಾಲು ಓದಿದ ಕೂಡಲೇ ಗಬ್ಬೂರಿನ ರಜಿಸ್ಟರು ಮತ್ತೆ ತೆಗೆದೆ. ಬಸುರಿಗೆ ಡೆಂಗೀ ಬಂದರೆ ಏನಾಗಬಹುದು ಎಂದು ನಾನು ನಿನಗೆ ಹೇಳುವುದೇನಿದೆ, ನೀನೇ ಊರಿಗೆಲ್ಲ ಹೇಳುವವಳು.

ಅವಳನ್ನು ಇವತ್ತೇ ಕರೆದುಕೊಂಡು ಬಾ ಎಂದು ಬರೆಯಲು ಹೋಗಿ ಕೈ ತಡೆಯುತ್ತೇನೆ. ನನ್ನ ಸಂಶಯ ಸುಳ್ಳಾಗಿದ್ದರೆ ಹಸಿರಿನಿಂದ ಎತ್ತಿ ಕೆಂಪಿಗೆ ತಂದಿಟ್ಟಂತಾಗುತ್ತದೆ. ಖಚಿತವಾಗಿ ಮಾತಾಡಿದ್ದಕ್ಕೆ ಒಮ್ಮೆ ಏನಾಯಿತೆಂದು ನಮ್ಮಿಬ್ಬರಿಗೂ ಗೊತ್ತು. ಇಬ್ಬರೂ ಅದನ್ನು ಬಾಯಿಬಿಟ್ಟು ಹೇಳಿಲ್ಲ, ಈಗ ನಾನು ಹೇಳುತ್ತೇನೆ. ಆ ಮೇ ತಿಂಗಳಲ್ಲಿ ನೀನು ಫೋನ್ ಮಾಡಿ, ಕೊರೊನಾ ಯಾವಾಗ ಇಳಿಯುತ್ತದೆ ಎಂದು ಕೇಳಿದೆ. ಇಪ್ಪತ್ತರ ನಂತರ ಇಳಿಯುತ್ತದೆ, ಚಿಂತೆ ಬಿಡು ಎಂದೆ. ನನ್ನ ರೇಖೆ ಇಳಿಯಿತು ಕೂಡ. ಇಪ್ಪತ್ತೆರಡಕ್ಕೆ ನಿನ್ನ ಗಂಡ ಪರಮೇಶಣ್ಣ ಮಾರ್ಕೆಟ್ಟಿಗೆ ಕೆಲಸಕ್ಕೆ ಹೋದರು, ಅಲ್ಲಿಂದ ಕೊರೊನಾ ಹಚ್ಚಿಕೊಂಡು ಬಂದು ತೀರಿಕೊಂಡರು. ಇಳಿಯುವ ರೇಖೆಯ ಮೇಲೂ ಜನ ಸಾಯುತ್ತಾರೆ ಎಂದು ನಿನಗೆ ಆ ದಿನ ಹೇಳಲಿಲ್ಲ. ಅವರ ಮಣ್ಣಿಗೂ ಬರಲಿಲ್ಲ. ನಿನ್ನ ಮುಖ ನೋಡುವ ಧೈರ್ಯ ಇರಲಿಲ್ಲ.

ಒಂದು ಪ್ರಶ್ನೆ ಇದೆ. ಬೀರವ್ವನ ಮೇಲೆ ನನಗೂ ಸಂಶಯವಿಲ್ಲ. ಆದರೆ ಗಬ್ಬೂರಿನ ಭೇಟಿಯ ತಾರೀಖು ನೋಡು: ಏಪ್ರಿಲ್ ಹದಿನಾರು, ಇಪ್ಪತ್ತೇಳು, ಮೇ ಎಂಟು, ಹತ್ತೊಂಬತ್ತು. ಸರಿಯಾಗಿ ಹನ್ನೊಂದು ದಿನಕ್ಕೊಮ್ಮೆ. ನಕ್ಷೆಗೆ ಮೊದಲಿನ ಈ ಸಮೀಕ್ಷೆಗೆ ಎಲ್ಲ ವಾರ್ಡಿಗೂ ವಾರಕ್ಕೊಮ್ಮೆ ಎಂದು ನಿಯಮವಿದ್ದಾಗ ಹನ್ನೊಂದು ಯಾಕೆ?

ಚಿನ್ಮಯೀ


ಬೆಂಗೇರಿ
೧೯ ಜೂನ್ ೨೦೨೫, ಗುರುವಾರ

ಚಿನ್ಮಯೀ,

ನಿನ್ನ ಪ್ರಶ್ನೆಯನ್ನು ಬೀರವ್ವನಿಗೆ ಕೇಳಿದೆ. ಇದೇನು ದೊಡ್ಡ ಪ್ರಶ್ನೆ ಎನ್ನುವಂತೆ ನೋಡಿದಳು. “ನಳಾ ಬಂದ ದಿನಾನ ಹೋಗ್ತೀವಲ್ರಿ. ಬ್ಯಾರೆ ದಿನಾ ಹೋದ್ರ ಅರ್ಧಾ ಮನಿಗೆ ಕೀಲಿ. ನಳಾ ಬಂದಾಗ ಎಲ್ಲಾರೂ ಮನ್ಯಾಗ ಇರ್ತಾರ, ಒಂದs ದಿನಕ್ಕ ಓಣಿ ಮುಗೀತೈತಿ” ಎಂದಳು. ಬೈಪಾಸಿನ ಹತ್ತಿರ ಪೈಪಿನ ಕೆಲಸ ನಡೆದಿರುವುದರಿಂದ ಗಬ್ಬೂರಿಗೆ ಏಪ್ರಿಲ್‌ನಿಂದ ನೀರು ಬರುವುದು ಹನ್ನೊಂದು ದಿನಕ್ಕೊಮ್ಮೆ. ನಿನ್ನ ಲೆಕ್ಕದಲ್ಲಿ ಆರು ದಿನ ಎಂದಿರಬೇಕು. ಅಚ್ಚು ಹಾಕಿದ ವೇಳಾಪಟ್ಟಿಯಲ್ಲಿ ಇನ್ನೂ ಆರೇ ಇದೆ.

ನಳ ಬರುವ ದಿನ ನಮ್ಮ ಹೆಂಗಸರು ಏನು ಮಾಡುತ್ತಾರೆ ಎಂದು ನಿನಗೂ ಗೊತ್ತು. ಬೆಳಗ್ಗೆ ಎದ್ದು ಹಳೇ ನೀರು ಚೆಲ್ಲಿ, ಡ್ರಮ್ಮು, ಹರವಿ, ಬಾನಿ ತಿಕ್ಕಿ ತೊಳೆದು, ಹೊಸ ನೀರು ತುಂಬುತ್ತಾರೆ. ಆಮೇಲೆ ಬೀರವ್ವ ಬ್ಯಾಟರಿ ಹಿಡಿದು ಬರುತ್ತಾಳೆ. ಹುಳ ಎಲ್ಲಿಂದ ಸಿಗಬೇಕು? ಅವಳು ಬರೆದ ಪ್ರತಿಯೊಂದು ಸೊನ್ನೆಯೂ ಖರೆ. ನೋಡಬೇಕಾದದ್ದು ಹಿಂದಿನ ದಿನ. ನಳ ಬಂದ ದಿನ ಹೋಗ್ರಿ, ಬಾಗಿಲು ತೆರೆದಿರುತ್ತವೆ ಎಂದು ಹದಿನೈದು ವರ್ಷದ ಹಿಂದೆ ಅವರಿಗೆ ಕಲಿಸಿದವಳು ನಾನೇ. ಆಗ ನಾಲ್ಕು ದಿನಕ್ಕೊಮ್ಮೆ ನೀರು ಬರುತ್ತಿತ್ತು, ಹೆಚ್ಚು ಕಡಿಮೆಯಾದರೂ ನಡೆಯುತ್ತಿತ್ತು.

ಇವತ್ತು ಗಬ್ಬೂರಿಗೆ ಹೋಗಿದ್ದೆ. ನೀರು ಬಂದು ಒಂಬತ್ತನೇ ದಿನ. ಸೃಷ್ಟಿಯ ಹಿತ್ತಲಿನ ನೀಲಿ ಡ್ರಮ್ಮಿನ ಮುಚ್ಚಳ ತೆಗೆದೆ. ಚಿನ್ಮಯೀ, ನೀರು ಕುದಿಯುವ ಹಾಗೆ ಹುಳ ಕುಣಿಯುತ್ತಿದ್ದವು. ಒಂದೆರಡು ಸೊಳ್ಳೆ ಎದ್ದು ನನ್ನ ಮುಖದ ಮೇಲೆಯೇ ಹಾರಿಹೋದವು. ಮಗಳು ಹಿಂದೆ ನಿಂತು ಹೊಟ್ಟೆ ಹಿಡಿದು ನಗುತ್ತಿದ್ದಳು: “ಯವ್ವಾ, ಇಲ್ಲಿಗೆ ಬಂದ್ರೂ ನಿನ್ನ ಡ್ಯೂಟಿ ಬಿಡೂದಿಲ್ಲಲ್ಲ!”

ಡ್ರಮ್ಮು ಚೆಲ್ಲಿಸಿದೆ. ಇನ್ನು ಒಂದು ದಿನವೂ ಅವಳನ್ನು ಅಲ್ಲಿ ಇಡುವುದಿಲ್ಲ ಎನಿಸಿತು. ಆದರೆ ಕುಬಸವಿಲ್ಲದೆ ಬಸುರಿಯನ್ನು ಎಬ್ಬಿಸಿಕೊಂಡು ಬಂದರೆ ಬೀಗರು ನೂರು ಪ್ರಶ್ನೆ ಕೇಳುತ್ತಾರೆ. ಮಣ್ಣೆತ್ತಿನ ಅಮಾವಾಸ್ಯೆ ಬಂತು, ಆಮೇಲೆ ಆಷಾಢ ಹಿಡಿಯುತ್ತದೆ, ಸೋಮವಾರವೇ ಕುಬಸ ಮುಗಿಸಿಬಿಡೋಣ ಎಂದೆ. ಹನುಮೇಶನ ತಾಯಿ ಒಪ್ಪಿದಳು. ಓಣಿಯ ಐದು ಮನೆಗೆ ಕರೆಯಲು ಹೋದೆ, ಕುಂಕುಮ ಹಚ್ಚುವ ನೆಪದಲ್ಲಿ ಐದೂ ಮನೆಯ ನೀರು ಇಣುಕಿ ನೋಡಿದೆ. ಐದರಲ್ಲೂ ಹುಳ. ಪಕ್ಕದ ಮನೆ ಜಯಾಳ ಡ್ರಮ್ಮು ಎಲ್ಲಕ್ಕಿಂತ ಕೆಟ್ಟದ್ದು. ಜಯಾ ಸೃಷ್ಟಿಯ ಗೆಳತಿ, ಇವಳಿಗೆ ಭಾರ ಎತ್ತಲು ಬಿಡದೆ ತಾನೇ ಕೊಡ ಹೊತ್ತು ತರುವ ಹುಡುಗಿ.

ಅವಳಿಗೆ ಏನೂ ಹೇಳಲಿಲ್ಲ. ಹೇಳಿದರೆ, ಮತ್ತೆ ನಿಮ್ಮ ಬೀರವ್ವ ಹುಳ ಇಲ್ಲ ಎಂದು ಬರೆದುಕೊಂಡು ಹೋದಳಲ್ಲ ಎಂದು ಕೇಳುತ್ತಿದ್ದಳು. ಮುಚ್ಚಳ ಸರಿಯಾಗಿ ಮುಚ್ಚವಾ ಎಂದು ದಿನವೂ ಹೇಳುವ ಮಾತನ್ನೇ ಹೇಳಿ ಬಂದೆ.

ಭಾಗ್ಯಾ


ಧಾರವಾಡ
೨೧ ಜೂನ್ ೨೦೨೫

ಭಾಗ್ಯಾ,

ಮೊಟ್ಟೆ ಸೊಳ್ಳೆಯಾಗಲು ಎಂಟು ದಿನ ಸಾಕು. ಆರು ದಿನಕ್ಕೆ ಡ್ರಮ್ಮು ತೊಳೆದರೆ ಹುಳ ಹುಳವಾಗಿಯೇ ಗಟಾರಕ್ಕೆ ಹೋಗುತ್ತದೆ. ಹನ್ನೊಂದು ದಿನಕ್ಕೆ ತೊಳೆದರೆ ಸೊಳ್ಳೆ ಹಾರಿಹೋಗಿ ಮೂರು ದಿನವಾಗಿರುತ್ತದೆ. ನನ್ನ ಕಂಪ್ಯೂಟರಿನಲ್ಲಿ ಆರನ್ನು ಅಳಿಸಿ ಹನ್ನೊಂದು ಬರೆದೆ. ಗಬ್ಬೂರ ಊರಿನಲ್ಲೇ ಅತಿ ಕೆಂಪಾಯಿತು. ಒಂದು ಅಂಕಿ ಬದಲಿಸಿದ್ದಕ್ಕೆ ಇಷ್ಟು ಬದಲಾಗುವ ಲೆಕ್ಕದ ಮೇಲೆ ನಾವು ಹದಿನೆಂಟು ಸಾವಿರ ಜನರನ್ನು ಬಿಟ್ಟುಬಿಟ್ಟಿದ್ದೇವೆ.

ನಿನ್ನ ತಪ್ಪು ನೀನು ಬರೆದಿದ್ದೀಯ, ನನ್ನದು ನಾನು ಬರೆಯುತ್ತೇನೆ. ಸಮಿತಿಗೆ ಕೊಟ್ಟ ಕರಡಿನಲ್ಲಿ ನಾನೊಂದು ಸಾಲು ಬರೆದಿದ್ದೆ: ‘ಈ ಅಂದಾಜಿನ ಖಚಿತತೆ ಕಡಿಮೆ. ಭೇಟಿಯ ದಿನ ಮತ್ತು ನೀರಿನ ಅಂತರವನ್ನು ಸ್ಥಳದಲ್ಲಿ ಪರೀಕ್ಷಿಸದೆ ಬಳಸಬಾರದು.’ ಸಮಿತಿಯ ಅಧ್ಯಕ್ಷರು ಅತುಲ ಸರ್ ಅದರ ಮೇಲೆ ಪೆನ್ನು ಎಳೆದರು. “ಮಾರ್ಗಸೂಚ್ಯಾಗ ಗೊತ್ತಿಲ್ಲ ಗೊತ್ತಿಲ್ಲ ಅಂತ ಬರದ್ರ ಕೆಳಗಿನ ಮಂದಿ ಏನ್ ಮಾಡಬೇಕ್ರಿ ಮೇಡಂ? ನಮಗ ಬೇಕಾಗಿದ್ದು ಒಂದು ನಂಬರು, ಒಂದು ಬಣ್ಣ” ಎಂದರು. ಕೆಟ್ಟ ಮನುಷ್ಯ ಅಲ್ಲ, ನಲವತ್ತು ಜನ ಸಿಬ್ಬಂದಿಯಲ್ಲಿ ಇಡೀ ಊರು ನೋಡಬೇಕಾದವರು. ನನ್ನ ಲೆಕ್ಕದ ಮೇಲೆ ಒಂದು ಮಾರ್ಗಸೂಚಿ ಹೊರಬರುವುದು ಅದೇ ಮೊದಲು, ಆ ಆಸೆ ನನ್ನ ಬಾಯಿ ಮುಚ್ಚಿಸಿತು.

ಜೂನ್ ಮೂವತ್ತಕ್ಕೆ ಸಭೆ ಇದೆ. ಭೇಟಿಗಳೆಲ್ಲ ನಳ ಬಂದ ದಿನ ಆದವು ಎಂದು ನೀನು ಮತ್ತು ನಿನ್ನ ಹೆಂಗಸರು ಸಹಿ ಮಾಡಿ ಕೊಟ್ಟರೆ ಗಬ್ಬೂರನ್ನು ಅಂದೇ ಕೆಂಪು ಮಾಡಿಸುತ್ತೇನೆ. ಅದಿಲ್ಲದಿದ್ದರೆ ನನ್ನ ಮಾತು ಬರೀ ನನ್ನ ಮಾತು. ಶುಕ್ರವಾರದ ಚೀಲದಲ್ಲಿ ಕಳಿಸು.

ಚಿನ್ಮಯೀ


ಬೆಂಗೇರಿ
೨೬ ಜೂನ್ ೨೦೨೫

ಚಿನ್ಮಯೀ,

ಸೋಮವಾರ ಕುಬಸ ಆಯಿತು. ಹಸಿರು ಸೀರೆ, ಹಸಿರು ಬಳೆ, ಐದು ಬಗೆ ಕಟ್ಟಿನ ಉಂಡಿ. ಸೃಷ್ಟಿಗೆ ಆರತಿ ಮಾಡಿ ಹಾಡು ಹೇಳಿದವಳು ಜಯಾ. ಅವಳ ಗಂಡ ಮೈಲಾರಿ ಟೆಂಪೋ ಓಡಿಸುತ್ತಾನೆ, ನಮ್ಮ ಸಾಮಾನು ಹೇರಿ ಬೆಂಗೇರಿಯವರೆಗೆ ತಂದು ಇಳಿಸಿ, ಚಹಾ ಕುಡಿದು ಹೋದ. “ಬಾಡಿಗಿ ಗೀಡಗಿ ಏನಿಲ್ರಿ ಅಕ್ಕಾರ, ಕೂಸು ಹುಟ್ಟಿದ ಮ್ಯಾಲೆ ಒಂದು ಪೇಢೆ ಕೊಡ್ರಿ” ಎಂದ.

ಸಹಿಯ ಕಾಗದ ಈ ಚೀಲದಲ್ಲಿ ಇಲ್ಲ. ಬೈಯಬೇಡ, ಪೂರ್ತಿ ಓದು. ಹೆಂಗಸರನ್ನು ಕೂಡಿಸಿ ಹೇಳಿದೆ. ಒಬ್ಬೊಬ್ಬರ ಮುಖ ಬಿಳಿಚಿತು. ವಾರಕ್ಕೊಮ್ಮೆ ಹೋಗಬೇಕಾದಲ್ಲಿ ಹನ್ನೊಂದು ದಿನಕ್ಕೊಮ್ಮೆ ಹೋದದ್ದು ನಿಜ, ಅದನ್ನು ನಾವೇ ಬರೆದುಕೊಟ್ಟರೆ ಮೇಲಿನವರು ಲೆಕ್ಕದವರನ್ನು ಹಿಡಿಯುವುದಿಲ್ಲ, ನಮ್ಮನ್ನೇ ಹಿಡಿಯುತ್ತಾರೆ. “ಹನ್ನೆರಡು ವರ್ಷ ಈ ಚೀಲಾ ಹೊತ್ತೇನ್ರಿ. ಕೆಲಸದಾಗಿಂದ ತಗದ್ರ ನಮ್ಮ ಓಣ್ಯಾಗ ಸುಳ್ಳಿ ಅನ್ನಿಸಿಕೊಂಡು ಬಾಳ್ವೆ ಮಾಡ್ಲೇನು?” ಎಂದು ಬೀರವ್ವ ಅತ್ತಳು. ಇನ್ನೊಂದು ವಾರ ಕೊಡ್ರಿ ಎಂದರು. ಕೊಟ್ಟೆ.

ನಿನ್ನೆದುರು ಮುಚ್ಚಿಡುವುದು ಬೇಡ. ಒಂದು ವಾರ ನನಗೂ ಬೇಕಿತ್ತು. ಸೃಷ್ಟಿ ಈಗ ನನ್ನ ಕಣ್ಣೆದುರು ಸೊಳ್ಳೆಪರದೆಯೊಳಗೆ ಮಲಗುತ್ತಾಳೆ, ನನ್ನ ಮನೆಯ ಡ್ರಮ್ಮು ನಾನೇ ಮೂರು ದಿನಕ್ಕೊಮ್ಮೆ ತಿಕ್ಕುತ್ತೇನೆ. ಅವಳು ಬಂದ ಮೇಲೆ ನನ್ನ ಹೆದರಿಕೆ ಅರ್ಧ ಇಳಿಯಿತು, ಹೆದರಿಕೆಯ ಜೊತೆಗೆ ಅವಸರವೂ ಇಳಿಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಭಾಗ್ಯಾ


ಧಾರವಾಡ
೩೦ ಜೂನ್ ೨೦೨೫, ಸೋಮವಾರ

ಭಾಗ್ಯಾ,

ಸಭೆಯಿಂದ ಈಗ ಬಂದೆ, ಚೀಲ ಹೊರಡಲು ಇನ್ನು ಅರ್ಧ ಗಂಟೆಯಿದೆ.

ಹನ್ನೊಂದು ದಿನದ ಲೆಕ್ಕವನ್ನು ಮುಂದಿಟ್ಟೆ. ನೀರಿನ ಅಂತರ ಬದಲಾಗಿದೆ ಎಂದು ಯಾರು ಹೇಳಿದರು ಎಂದು ಕೇಳಿದರು. ಗೊತ್ತಿದ್ದವರು ಎಂದೆ. ಬರವಣಿಗೆಯಲ್ಲಿ ಇದೆಯೇ ಎಂದರು. ಇಲ್ಲ ಎಂದೆ. ಹಾಗಾದರೆ ಜುಲೈ ಹದಿನಾಲ್ಕರ ಸಭೆಗೆ ಇಡೋಣ, ಅಷ್ಟರೊಳಗೆ ಏನಾಗುತ್ತದೆ ನಿಮ್ಮ ಲೆಕ್ಕದಲ್ಲಿ ಎಂದು ಅತುಲ ಸರ್ ಕೇಳಿದರು. ಎರಡು ವಾರದಲ್ಲಿ ಗಬ್ಬೂರಿನಲ್ಲಿ ಅರವತ್ತರಿಂದ ನೂರಾ ನಲವತ್ತು ಜ್ವರ, ಸಾವು ಸೊನ್ನೆ ದಶಾಂಶ ನಾಲ್ಕು ಎಂದೆ. ಅವರು ಕನ್ನಡಕ ತೆಗೆದು ನೋಡಿದರು. “ದಶಾಂಶ ನಾಕು ಅಂದ್ರ ಅರ್ಧಕ್ಕಿಂತ ಕಡಿಮಿ ಆತಲ್ರಿ. ಸೊನ್ನೆ ಅಂತ ಹಿಡೀಬಹುದು.” ಯಾರೋ ಹ್ಞೂಂ ಎಂದರು. ಗುಮಾಸ್ತ ಸೊನ್ನೆ ಎಂದು ಬರೆದುಕೊಂಡ.

ದಶಾಂಶ ನಾಲ್ಕು ಎಂದರೆ ಒಬ್ಬ ಮನುಷ್ಯ ಸಾಯಬಹುದು, ಸಾಯದಿರಬಹುದು ಎಂದರ್ಥ. ದಶಾಂಶ ನಾಲ್ಕರಷ್ಟು ಸತ್ತ ಮನುಷ್ಯ ಇರುವುದಿಲ್ಲ. ಅದನ್ನು ಎದ್ದು ನಿಂತು ಕೂಗಿ ಹೇಳಬೇಕಿತ್ತು. ಹೇಳಿದೆ, ಆದರೆ ಪಾಠ ಹೇಳುವ ದನಿಯಲ್ಲಿ ಹೇಳಿದೆ. ಅವರು ತಲೆಯಾಡಿಸಿ ಮುಂದಿನ ವಿಷಯಕ್ಕೆ ಹೋದರು. ನಾನು ಕೂತೆ, ಕೊಟ್ಟ ಚಹಾ ಕುಡಿದೆ.

ಸಹಿ ಕಳಿಸು. ನಿನ್ನ ಕಾಲು ಹಿಡಿಯುತ್ತೇನೆ.

ಚಿನ್ಮಯೀ


ಬೆಂಗೇರಿ
೩ ಜುಲೈ ೨೦೨೫

ಚಿನ್ಮಯೀ,

ಗಬ್ಬೂರಿನಲ್ಲಿ ಸೃಷ್ಟಿಯ ಓಣಿಯೊಂದರಲ್ಲೇ ಹದಿನಾಲ್ಕು ಜನ ಮಲಗಿದ್ದಾರೆ. ಹನುಮೇಶ ಬಂದು ಹೇಳಿದ. ಮೈಲಾರಿಗೂ ಜ್ವರ ಬಂದು ನಾಲ್ಕು ದಿನವಾಗಿದೆಯಂತೆ. ಮೈಕೈ ಮುರಿದಂತೆ ನೋವು, ಕಣ್ಣ ಹಿಂದೆ ಸಿಡಿತ. ಇವತ್ತು ಬೆಳಗ್ಗೆ ಜ್ವರ ಇಳಿದು ಒಂದು ರೊಟ್ಟಿ ತಿಂದನಂತೆ. ಜಯಾ ಫೋನಿನಲ್ಲಿ ಸೃಷ್ಟಿಗೆ ನಗುನಗುತ್ತಾ ಹೇಳಿದಳು: “ಜ್ವರಾ ಬಿಟ್ಟಾವ, ಇನ್ನ ಹೆದರಿಕಿ ಇಲ್ಲ.” ನಾನು ಫೋನ್ ಕಸಿದುಕೊಂಡು, ಈಗಲೇ ದೊಡ್ಡ ದವಾಖಾನೆಗೆ ಒಯ್ಯಿ, ರಕ್ತ ತೋರಿಸು ಎಂದೆ. “ಆರಾಮ ಆಗ್ಯಾನಲ್ರಿ ಅಕ್ಕಾರ” ಎಂದಳು. ಬೈದು ಹೇಳಿದೆ. ಸಂಜೆ ಒಯ್ಯುತ್ತೇನೆ ಎಂದಳು.

ಸೃಷ್ಟಿಯ ಹಣೆಯನ್ನು ಗಂಟೆಗೊಮ್ಮೆ ಮುಟ್ಟಿ ನೋಡುತ್ತೇನೆ. ಅವಳು ಗಬ್ಬೂರ ಬಿಟ್ಟು ಹತ್ತು ದಿನವಾಯಿತು, ಬರಬೇಕಾದದ್ದಿದ್ದರೆ ಇಷ್ಟೊತ್ತಿಗೆ ಬರುತ್ತಿತ್ತು ಎಂದು ನನಗೆ ಗೊತ್ತು. ಗೊತ್ತಿದ್ದೂ ಕೈ ಹೋಗುತ್ತದೆ.

ಕಾಗದ ಇದರ ಜೊತೆ ಇದೆ, ಹನ್ನೆರಡು ಸಹಿ. ಮೊದಲ ಸಹಿ ಬೀರವ್ವನದು, ಯಾರೂ ಕೇಳುವ ಮೊದಲೇ ಬಂದು ಹಾಕಿದಳು. “ನಮ್ಮ ಅತ್ತೀಗೂ ಜ್ವರಾ ಬಂದಾವ್ರಿ. ತಗದ್ರ ತಗೀಲಿ” ಎಂದಳು. ಹೀಗೆ ಹೋಗಲು ಕಲಿಸಿದ್ದು ನಾನು ಎಂದು ಮೇಲೆಯೇ ಬರೆದಿದ್ದೇನೆ. ಹದಿನಾಲ್ಕರ ಸಭೆಯವರೆಗೆ ಕಾಯಬೇಡ. ನಿಮ್ಮ ಅಧ್ಯಕ್ಷರ ಮನೆಗೇ ಹೋಗು.

ಭಾಗ್ಯಾ


ಧಾರವಾಡ
೭ ಜುಲೈ ೨೦೨೫, ಸೋಮವಾರ

ಭಾಗ್ಯಾ,

ಶುಕ್ರವಾರ ಸಂಜೆ ಚೀಲ ಬಂದ ಕೂಡಲೇ ಅತುಲ ಸರ್ ಮನೆಗೆ ಹೋದೆ. ನಿಂತೇ ಓದಿದರು, ಆಮೇಲೆ ಕೂತು ಇನ್ನೊಮ್ಮೆ ಓದಿದರು. “ಇದನ್ನ ಆವತ್ತs ಹೇಳಿದ್ರಿ ನೀವು. ನಾನs ಗೆರಿ ಹೊಡದೆ” ಎಂದರು. ಇಷ್ಟು ಹೊತ್ತಿಗೆ ಗಬ್ಬೂರ ಕೆಂಪಾಗಿದೆ. ಇವತ್ತು ಬೆಳಗ್ಗೆಯಿಂದ ಮೂವತ್ತು ಜನ ಮನೆಮನೆಗೆ ಹೋಗುತ್ತಿದ್ದಾರೆ, ನೀರು ಚೆಲ್ಲಿಸುತ್ತಿದ್ದಾರೆ, ಟ್ಯಾಂಕರು ಕಳಿಸಿದ್ದಾರೆ. ಇನ್ನು ಮುಂದೆ ಯಾವ ಲೆಕ್ಕ ಬಂದರೂ ಅದರ ಖಚಿತತೆ ಎಷ್ಟು, ಅಂಕಿ ಯಾರು, ಯಾವ ದಿನ, ಹೇಗೆ ತಂದರು ಎಂಬುದನ್ನು ಮಾರ್ಗಸೂಚಿಯ ಮೊದಲ ಪುಟದಲ್ಲೇ ಅಚ್ಚು ಹಾಕಬೇಕು, ಆ ಓಣಿಯಲ್ಲಿ ತಿರುಗುವವರಿಗೆ ತೋರಿಸದೆ ಸಹಿ ಮಾಡಬಾರದು ಎಂದು ಬರೆಸಿದ್ದೇನೆ. ನಿನ್ನ ಹೆಂಗಸರ ಮೇಲೆ ಕ್ರಮ ಬೇಡ ಎಂದು ನಾನು ಬರೆದುಕೊಟ್ಟೆ. ಏನು ಮಾಡುತ್ತಾರೋ ಗೊತ್ತಿಲ್ಲ.

ಮೈಲಾರಿಯ ಸುದ್ದಿ ತಿಳಿಸು. ಜ್ವರ ಇಳಿದ ಮೇಲಿನ ಎರಡು ದಿನವೇ ಈ ರೋಗದಲ್ಲಿ ಗಂಡಾಂತರದ್ದು. ನೀನು ಆ ಸಾಲು ಬರೆದಾಗಿನಿಂದ ನನಗೆ ಊಟ ಸೇರುತ್ತಿಲ್ಲ. ಅವನ ಬಗ್ಗೆ ನನ್ನ ಹತ್ತಿರ ಯಾವ ಅಂಕಿಯೂ ಇಲ್ಲ, ಹೆದರಿಕೆ ಮಾತ್ರ ಇದೆ.

ನಿನ್ನ ಚಿನ್ಮಯೀ


ಬೆಂಗೇರಿ
೧೭ ಜುಲೈ ೨೦೨೫

ಚಿನ್ಮಯೀ,

ನಿನ್ನ ಕಾಗದ ಬರುವ ಮೊದಲೇ ಎಲ್ಲ ಮುಗಿದಿತ್ತು. ಗುರುವಾರ ಸಂಜೆ ಒಯ್ಯುತ್ತೇನೆ ಎಂದವಳು ಅವನು ಆರಾಮಾಗಿದ್ದಾನೆಂದು ಒಯ್ಯಲಿಲ್ಲ. ಶುಕ್ರವಾರ ಮಧ್ಯಾಹ್ನ ಕೈಕಾಲು ತಣ್ಣಗಾಗಿ, ಹೊಟ್ಟೆ ನೋವೆಂದು ಮುದುಡಿ ಬಿದ್ದನಂತೆ. ಅವನದೇ ಟೆಂಪೋದಲ್ಲಿ ಹನುಮೇಶ ದವಾಖಾನೆಗೆ ಒಯ್ದ. ಭಾನುವಾರ ಬೆಳಗ್ಗೆ ಮೈಲಾರಿ ಹೋದ. ಮೂವತ್ತೊಂದು ವರ್ಷ.

ಸೃಷ್ಟಿ ಆರಾಮಿದ್ದಾಳೆ. ರಕ್ತ, ಸ್ಕ್ಯಾನು ಎಲ್ಲ ಸರಿ, ಕೂಸು ಒದೆಯುತ್ತದೆ. ಗಬ್ಬೂರಿನಲ್ಲಿ ಹೊಸ ಜ್ವರ ಕಡಿಮೆಯಾಗುತ್ತಿದೆ. ನಮಗೆಲ್ಲ ನೋಟಿಸು ಬಂದಿದೆ, ಉತ್ತರ ಕೊಡಬೇಕು. ಅದರ ಚಿಂತೆ ನನಗಿಲ್ಲ.

ನಿನ್ನೆ ಜಯಾಳನ್ನು ನೋಡಲು ಹೋದೆ. ಹತ್ತು ದಿನ ಹೋಗುವ ಧೈರ್ಯ ಬಂದಿರಲಿಲ್ಲ. ನೀನು ಅಂದು ಯಾಕೆ ಬರಲಿಲ್ಲ ಎಂದು ನನಗೆ ಈಗ ತಿಳಿಯಿತು. ಒಳಗೆ ಗೋಡೆಗೆ ಒರಗಿ ಕೂತಿದ್ದಳು. ನನ್ನನ್ನು ಕಂಡು ಎದ್ದು ಚಾಪೆ ಹಾಸಿದಳು. ಸೃಷ್ಟಿ ಹೇಗಿದ್ದಾಳೆ ಎಂದು ಅವಳೇ ಮೊದಲು ಕೇಳಿದಳು. ಆರಾಮಿದ್ದಾಳೆ ಎಂದು ತಲೆಯಾಡಿಸಿದೆ.

“ನೀವು ಛಲೋ ಹೊತ್ತಿನ್ಯಾಗ ಮಗಳನ್ನ ಕರಕೊಂಡು ಹೋದ್ರಿ ಅಕ್ಕಾರ. ಇಲ್ಲೇ ಇದ್ದಿದ್ರ ಎಷ್ಟು ತ್ರಾಸಾಗ್ತಿತ್ತು ಆಕಿಗೆ” ಎಂದಳು. ಆಮೇಲೆ, “ನಿಮಗ ಹ್ಯಾಂಗ ಗೊತ್ತಾತ್ರಿ?” ಎಂದು ಕೇಳಿದಳು. ಅದರಲ್ಲಿ ಚುಚ್ಚು ಇರಲಿಲ್ಲ, ಬರೀ ಕೇಳಿದಳು.

ಆಷಾಢ ಎಂದು ಹೇಳಬಹುದಿತ್ತು. ಹೇಳಲಿಲ್ಲ. “ನಾ ನೋಡಿದ್ದೆ ಜಯಾ. ಸೃಷ್ಟಿ ಡ್ರಮ್ಮಿನ್ಯಾಗ ಹುಳಾ ನೋಡಿದ್ದೆ. ನಿಮ್ಮ ಡ್ರಮ್ಮಿನ್ಯಾಗೂ ನೋಡಿದ್ದೆ” ಎಂದೆ. ಯಾಕೆ ಹೇಳಲಿಲ್ಲ, ರಜಿಸ್ಟರು ಏನು, ಲೆಕ್ಕ ಏನು, ಎಲ್ಲವನ್ನೂ ಹೇಳಲು ಬಾಯಿ ತೆರೆದೆ. ಅವಳು ಕೈ ಅಡ್ಡ ಹಿಡಿದಳು. ಬೈಯುತ್ತಾಳೆ, ಹೊರಗೆ ಹಾಕುತ್ತಾಳೆ ಎಂದುಕೊಂಡೆ. ಹಾಗೆ ಮಾಡಿದ್ದರೆ ನಾನು ಬದುಕುತ್ತಿದ್ದೆ.

“ಒಂದು ಮಾತು ಅಂದಿದ್ರ ಆತಿತ್ತಲ್ರಿ ಅಕ್ಕಾರ,” ಎಂದಳು, “ನಾ ಆವತ್ತs ನೀರು ಚೆಲ್ಲತಿದ್ನಿ.”

ಭಾಗ್ಯಶ್ರೀ